ಫ್ರಿಜ್ಜಿನಲ್ಲಿಟ್ಟ ಕಫ

ಸುರಪುರದ ನನ್ನ ಮನೆಗೆ ಅಡುಗೆಗೆ ಬರುವವಳು ಬೋನಾಳದವಳು. ಅವಳ ಮಗಳಿಗೆ ಟಿ.ಬಿ. ಆಗಿತ್ತು. ಗುಳಿಗೆ ತಪ್ಪಿಸದೆ ನುಂಗುತ್ತಿದ್ದರೂ ಹುಡುಗಿಯ ಕೆಮ್ಮು ನಿಲ್ಲಲಿಲ್ಲ. ಅದೇ ಸುಮಾರಿಗೆ ಯಾದಗಿರಿಯಲ್ಲಿ ಹೊರದೇಶದ ಸರಕಾರವೊಂದರ ದುಡ್ಡಿನಿಂದ ಸ್ಟಡಿ ಶುರುವಾಗಿತ್ತು. ಯಾರ ಟಿ.ಬಿ.ಗೆ ಯಾವ ಗುಳಿಗೆ ನಾಟುವುದಿಲ್ಲ ಎಂದು ಕಂಡುಹಿಡಿಯುವುದು ಅವರ ಕೆಲಸ. ಮನೆಗೇ ಬಂದು ಹುಡುಗಿಯ ಕಫ ತೆಗೆದುಕೊಂಡು ಹೋದರು. “ರಿಸಲ್ಟ್ ನಿಮಗೇ ಮೊದಲು ಹೇಳ್ತೀವಿ, ಪ್ರಾಮಿಸ್” ಅಂದಿದ್ದರು.

ಆಮೇಲೆ ಸುದ್ದಿಯೇ ಇಲ್ಲ. ಫೋನ್ ಎತ್ತುವವರಿಲ್ಲ. ಕೊನೆಗೆ ಹುಡುಗಿಯ ತಾಯಿಯನ್ನು ಕರೆದುಕೊಂಡು ನಾನೇ ಯಾದಗಿರಿಯ ಬಸ್ಸು ಹತ್ತಿದೆ. ಶಹಾಪುರ ದಾಟುವವರೆಗೂ ಅವಳದು ಒಂದೇ ಮಾತು: “ಪರೀಕ್ಷಾ ಮಗಳದು, ಎದಿ ಹೊಡ್ಕೊಳ್ಳೋದು ನಂದು ನೋಡ್ರಿ ಅಕ್ಕೋರ.”

ಆಫೀಸಿನಲ್ಲಿ ಕುರ್ಚಿಗಳೆಲ್ಲ ಖಾಲಿ. ಉಳಿದಿದ್ದ ಒಬ್ಬ ಎಳೆಯ ಡಾಕ್ಟರ್ ನನ್ನ ಕಡೆ ತಿರುಗಿ, “ಸಾರಿ ಮ್ಯಾಡಮ್, ಫಂಡಿಂಗ್ ಫ್ರೀಜ್ ಆಗಿದೆ” ಅಂದ.

ತಾಯಿಗೆ ಕೇಳಿಸಿದ್ದು ಫ್ರಿಜ್.

“ಫ್ರಿಜ್ ಕೆಟ್ಟದೇನ್ರಿ ಸಾಹೇಬ್ರ? ಅದಕ್ಯಾಕ ಮಾರಿ ಇಷ್ಟ್ ಸಣ್ಣ ಮಾಡ್ಕೊಂಡೀರಿ? ನಮ್ಮ ಅಕ್ಕೋರ ಮನ್ಯಾಗ ದೊಡ್ಡದದ. ಹಾಲಿನ ಪಾತೇಲಿ ಸರಿಸಿ ಜಾಗ ಮಾಡ್ತೀನಿ, ನನ್ನ ಮಗಳ ಡಬ್ಬಿ ಅಲ್ಲಿಡ್ರಿ.”

ಅವನು ನಕ್ಕುಬಿಟ್ಟ. ನನ್ನ ಮೈ ಉರಿಯಿತು.

ಕಾನ್ವೆಂಟಿನಲ್ಲಿ ನಾನು ಫ್ರೀಜ್ ಎಂಬ ಪದ ಕಲಿತದ್ದು ಚಿತ್ರದ ಪುಸ್ತಕದಿಂದ. ಗಾಜಿನಂಥ ಕೆರೆ, ಅದರ ಮೇಲೆ ಜಾರುವ ಕೆಂಪು ಮಫ್ಲರಿನ ಮಕ್ಕಳು. ಹೌ ಲವ್ಲಿ! ಈ ಬಿಸಿಲ ಸೀಮೆಯಲ್ಲಿ ಕೂತು ಆ ಕೆರೆಗೆ ಎಷ್ಟು ಆಸೆಪಟ್ಟಿದ್ದೆ. ಎಲ್ಲೋ ದೂರದ ಆಫೀಸಿನಲ್ಲಿ ಸೂಟು ತೊಟ್ಟವನೊಬ್ಬ ಅದೇ ಪದವನ್ನು ಟೈಪ್ ಮಾಡಿ ಲಂಚಿಗೆ ಎದ್ದು ಹೋಗಿರಬೇಕು.

“ಕಫ ಎಲ್ಲಿದೆ?”

“ಇಲ್ಲೇ, ಡೀಪ್ ಫ್ರೀಜರಿನಲ್ಲಿ. ಟೆಸ್ಟ್ ಮಾಡೋಕೆ ಪರ್ಮಿಷನ್ ಇಲ್ಲ.”

“ಹಾಗಾದರೆ ವಾಪಸ್ ಕೊಡಿ.”

“ಅದು ಸ್ಟಡಿಯ ಪ್ರಾಪರ್ಟಿ, ಮ್ಯಾಡಮ್.”

ಕನ್ನಡ ಮಾಡಿ ಹೇಳಿದೆ. ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಕೆಮ್ಮಿದಾಕಿ ನನ್ನ ಮಗಳು, ಆಸ್ತಿ ಇವರದು ಹೆಂಗಾತ್ರಿ?”

ಅವನು ಫ್ರೀಜರಿನ ಬೀಗದ ಕೈಯನ್ನು ಜೇಬಿಗಿಳಿಸಿದ. ದುಡ್ಡು ಆ ದೇಶದ್ದು, ಬೇಕಾದರೆ ಕೊಡಲಿ, ಬೇಡವಾದರೆ ಬಿಡಲಿ. ಆದರೆ ಹುಡುಗಿಯ ಎದೆ ಕೆರೆದು ಕಫ ತೆಗೆಸಿಕೊಂಡ ಮೇಲೆ ಅರ್ಧಕ್ಕೆ ಕೈಬಿಡುವುದು ಯಾವ ಸೈನ್ಸು? ನಮ್ಮ ಸರಕಾರವಾದರೂ, ಉಳಿದದ್ದನ್ನು ನಾವು ಮುಗಿಸುತ್ತೇವೆ ಅಂದಿತೇ? ಶೇಮ್‌ಲೆಸ್, ಇಬ್ಬರೂ.

ಮಾರನೆಯ ದಿನ ಹುಡುಗಿಯನ್ನು ಸರಕಾರಿ ದವಾಖಾನೆಗೆ ಕರೆದೊಯ್ದೆವು. ಬಗ್ಗಿ, ಗೋಡೆ ಹಿಡಿದು, ಮತ್ತೆ ಕೆಮ್ಮಿ ಕಫ ಕೊಟ್ಟಳು. ಲ್ಯಾಬಿನವನು ಡಬ್ಬಿಗೆ ಚೀಟಿ ಅಂಟಿಸುತ್ತ, “ಆ ಟೆಸ್ಟ್ ಇಲ್ಲಿ ಆಗಂಗಿಲ್ರಿ, ಹೊರಗ ಕಳಿಸಬೇಕು. ಅಲ್ಲಿತನಕ ಹಳೇ ಗುಳಿಗಿನೇ ನುಂಗ್ಲಿ” ಅಂದ.

ಹುಡುಗಿ ಅಂಗೈಯಲ್ಲಿ ಗುಳಿಗೆ ಹಿಡಿದು ನನ್ನನ್ನೇ ನೋಡಿದಳು. “ಇವು ನನಗ ನಾಟ್ತಾವಂತೀರೇನ್ರಿ ಅಕ್ಕೋರ?”

“ಗೊತ್ತಿಲ್ಲವ್ವಾ” ಅಂದೆ.

ಅವಳು ನುಂಗಿದಳು.