ಬೇವಿನ ಕಾಂಡದೊಳಗಿನ ಮೊಳೆಗಳು

೧೯೭೩ರಲ್ಲಿ ನಾನು ನಾಸಿಕ್‌ನ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದೆ. ನನ್ನ ಊರು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯದು. ಆ ವರ್ಷ ನಮ್ಮ ಕಾರ್ಖಾನೆಗೆ ಪೆಟ್ರೋಲಿನ ಚೈನ್‌ಸಾ ಬಂದಿತ್ತು. ಸೈಕಲ್ ಚೈನಿನಂಥ ಸರಪಳಿಗೆ ಹಲ್ಲು ಕೂಡಿಸಿ, ‘ಬಾರ್’ ಎನ್ನುವ ಉದ್ದನೆಯ ಉಕ್ಕಿನ ಪಟ್ಟಿಯ ಸುತ್ತ ಇಂಜಿನ್‌ನಿಂದ ಓಡಿಸುವ ಗರಗಸ ಅದು. ಯಂತ್ರ ಎಗರಿದಾಗ ಸರಪಳಿಯನ್ನು ತಡೆಯುವ ಬ್ರೇಕ್ ಈಗ ಇರುತ್ತದೆ, ನಮ್ಮದಕ್ಕೆ ಇರಲಿಲ್ಲ. ಅದನ್ನು ಹಿಡಿಯುವ ಧೈರ್ಯವಿದ್ದವನು ನನ್ನ ಕೈಕೆಳಗಿನ ಮರಾಠಿ ಕೆಲಸಗಾರ ತುಕಾರಾಮ ಒಬ್ಬನೇ.

ದಸರೆಗೆ ಸ್ವಲ್ಪ ಮುಂಚೆ ನಮ್ಮಿಬ್ಬರನ್ನು ಔರಂಗಾಬಾದಿಗೆ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರಕ್ಕೆ ಕಳುಹಿಸಿದರು. ಅಲ್ಲಿ ಉಡುಪಿ ಕಡೆಯ ವಾಸುದೇವ ರಾಯರು ಮತ್ತು ಅವರ ಪತ್ನಿ ಯಮುನಕ್ಕ ಹೋಟೆಲು ನಡೆಸುತ್ತಿದ್ದರು. ಹೋಟೆಲಿಗೆ ಹೊಸ ಫ್ಯಾಮಿಲಿ ರೂಮ್ ಕಟ್ಟಿಸಲು ಅಂಗಳದ ಬೇವಿನ ಮರವನ್ನು ಕಡಿಯಬೇಕಾಗಿ ಬಂದಿತ್ತು. ಗಂಡ ಹೆಂಡತಿ ಊರಿಗೆ ಬಂದ ಹೊಸದರಲ್ಲಿ ಒಂದು ಒಲೆ, ಎರಡು ಬೆಂಚು ಇಟ್ಟುಕೊಂಡು ಇಡ್ಲಿ ಮಾರಿದ್ದು ಆ ಮರದ ಕೆಳಗೇ. ಕಡಿಯಲು ಯಮುನಕ್ಕ ಒಂದೇ ಷರತ್ತಿನ ಮೇಲೆ ಒಪ್ಪಿದ್ದರು: ಮರದ ಒಂದು ಚೂರೂ ಒಲೆಗೆ ಹೋಗಕೂಡದು, ಅದನ್ನು ದುಂಡನೆಯ ಬಿಲ್ಲೆಗಳಾಗಿ ಕೊಯ್ದು ಹೊಸ ಕೋಣೆಯ ಗೋಡೆಗೆ ಜೋಡಿಸಬೇಕು. ದಸರೆಯ ದಿನ ಕೋಣೆಯ ಪೂಜೆ.

ಹಿಂದಿನ ವರ್ಷವೇ ಮರವನ್ನು ನೆಲದಿಂದ ಒಂದು ಅಡಿ ಬಿಟ್ಟು ಕಡಿದು, ನೆರಳಲ್ಲಿ ಒಣಗಿಸಿದ್ದರು. ನಮ್ಮ ಮುಂದೆ ಇದ್ದದ್ದು ಏಳು ಅಡಿ ಉದ್ದದ ಒಂದು ದಿಮ್ಮಿ. ಬೇಕಾದದ್ದು ಎರಡು ಇಂಚು ದಪ್ಪದ ಮೂವತ್ತು ಬಿಲ್ಲೆ. ಗರಗಸ ಒಂದೊಂದು ಕೊಯ್ತಕ್ಕೂ ಒಂದಿಷ್ಟು ಮರವನ್ನು ಪುಡಿ ಮಾಡಿ ತಿನ್ನುತ್ತದೆ. ಅದನ್ನೂ ಲೆಕ್ಕ ಹಿಡಿದರೆ ಉಳಿಯುತ್ತಿದ್ದದ್ದು ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಕೆಟ್ಟರೆ ಬದಲಿಗೆ ಇನ್ನೊಂದು ಮರ ತರುವ ಹಾಗಿರಲಿಲ್ಲ. ಇನ್ನೊಂದು ಮರ ಯಮುನಕ್ಕನದಾಗುತ್ತಿರಲಿಲ್ಲ.

ಬಿಲ್ಲೆಗಳು ಒಂದೇ ದಪ್ಪಕ್ಕೆ ಬರುವುದು ಸುಲಭವಲ್ಲ. ಸರಪಳಿಯ ಒಂದು ಮಗ್ಗುಲಿನ ಹಲ್ಲು ಹೆಚ್ಚು ಹರಿತವಾಗಿದ್ದರೆ ಕೊಯ್ತ ಆ ಕಡೆಗೆ ಬಾಗುತ್ತದೆ. ಬಿಲ್ಲೆ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದು ಅಂಚಿನಲ್ಲಿ ತೆಳುವಾಗುತ್ತದೆ. ಆದ್ದರಿಂದ ತುಕಾರಾಮ ಎರಡೂ ಮಗ್ಗುಲಿನ ಹಲ್ಲುಗಳನ್ನು ಸಮನಾಗಿ ಅರದಿಂದ ಉಜ್ಜಿದ. ನಾನು ದಿಮ್ಮಿಯ ಎರಡೂ ಬದಿಗೆ ಸಾಗುವಾನಿಯ ನೇರ ಪಟ್ಟಿಗಳನ್ನು ನಿಲ್ಲಿಸಿ, ಬಾರ್ ಅದಕ್ಕೆ ಒರಗಿಕೊಂಡೇ ಇಳಿಯುವಂತೆ ಚೌಕಟ್ಟು ಕಟ್ಟಿದೆ. ಬುಡದ ಕಡೆಯಿಂದ ಎರಡು ಬಿಲ್ಲೆ ಚೆನ್ನಾಗಿ ಬಂದವು. ಯಮುನಕ್ಕ ಅವನ್ನು ಒಂದರ ಮೇಲೊಂದಿಟ್ಟು ಅಂಚಿನ ಸುತ್ತ ಬೆರಳಾಡಿಸಿ ನಕ್ಕರು.

ಮೂರನೆಯದು ಅರ್ಧಕ್ಕೆ ಬಂದಿತ್ತು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮೊದಲು ಇಂಜಿನ್ನಿನ ಸದ್ದು ಬದಲಾಯಿತು. ಆಮೇಲೆ ಕಿಡಿ ಕಂಡಿತು. ಬಾರ್ ಮೇಲಕ್ಕೆ ಎಗರಿತು, ಸರಪಳಿ ತುಂಡಾಯಿತು, ತುಕಾರಾಮ ಹಿಂದಕ್ಕೆ ಬಿದ್ದ. ಅವನ ಎಡ ತೋಳಿನ ಅಂಗಿ ಮೊಣಕೈಯಿಂದ ಭುಜದವರೆಗೆ ಸೀಳಿತ್ತು. ನಾನು ಬಟ್ಟೆ ಸರಿಸಿ ನೋಡಿದೆ. ರಕ್ತವಿರಲಿಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದೆ. ರಾಯರು ಇಬ್ಬರಿಗೂ ಚಹಾ ತಂದುಕೊಟ್ಟರು.

ಉಳಿ ಹಾಕಿ ಬಿಡಿಸಿದಾಗ ಮರದೊಳಗೆ ಕಬ್ಬಿಣದ ಕೊಂಡಿ ಸಿಕ್ಕಿತು. ಹೊರಗೆ ತೊಗಟೆಯ ಮೇಲೆ ಅದರ ಗುರುತೇ ಇರಲಿಲ್ಲ. ಯಮುನಕ್ಕ ಬಾಯಿಗೆ ಸೆರಗು ಹಿಡಿದರು.

“ಅಯ್ಯೋ, ಇದು ಬೆಂಚಿನ ಕೊಂಡಿ! ರಾತ್ರಿ ಯಾರೂ ಹೊತ್ತುಕೊಂಡು ಹೋಗದ ಹಾಗೆ ಬೆಂಚಿಗೆ ಸರಪಳಿ ಹಾಕಿ ಇದಕ್ಕೇ ಬೀಗ ಹಾಕ್ತಿದ್ದದ್ದು.”

“ಅಕ್ಕಾರ, ಮತ್ತ ಎಲ್ಲೆಲ್ಲಿ ಮೊಳಿ ಬಡದೀರಿ, ನೆನಪದ ಏನ್ರೀ?” ಎಂದೆ.

“ಎಲ್ಲ ನೆನಪುಂಟು. ಆದರೆ ಮರ ಹೀಗೆ ಮಲಗಿದ್ರೆ ಹೇಗೆ ಹೇಳುವುದು?”

“ಮೀ ನಾಹೀ ಧರಣಾರ ಆತಾ,” ಇನ್ನು ನಾನು ಹಿಡಿಯುವುದಿಲ್ಲ ಎಂದು ತುಕಾರಾಮ ಗೋಡೆಗೆ ಒರಗಿ ಕೂತ. ನಾನು ಒತ್ತಾಯಿಸಲಿಲ್ಲ. ಇದ್ದದ್ದೇ ಒಂದು ಬದಲಿ ಸರಪಳಿ. ಒತ್ತಾಯಿಸಲು ನನಗೂ ಮನಸ್ಸಿರಲಿಲ್ಲ.

ಯಮುನಕ್ಕ ಒಳಗೆ ಹೋಗಿ ಚಾಪೆ ತಂದು ದಿಮ್ಮಿಯ ಪಕ್ಕ ಹಾಸಿದರು. ಬುಡದ ಒಂದು ಅಡಿ ನೆಲದಲ್ಲೇ ಉಳಿದಿದೆಯಲ್ಲ, ಅದಕ್ಕೆ ನನ್ನಿಂದ ಅಳತೆ ಹಿಡಿಸಿ, ಎರಡು ಬಿಲ್ಲೆಯ ಜಾಗವನ್ನೂ ಸೇರಿಸಿ, ಪಾದ ದಿಮ್ಮಿಯ ಬುಡದ ತುದಿಯಿಂದ ಅಷ್ಟು ಕೆಳಗೆ ಬರುವಂತೆ, ಸೆರಗು ಸಿಕ್ಕಿಸಿಕೊಂಡು ಮರದ ಪಕ್ಕ ಉದ್ದಕ್ಕೆ ಮಲಗಿಯೇಬಿಟ್ಟರು!

“ಎಂತ ಮಾರಾಯ್ತಿ ಇದು? ಗಿರಾಕಿಗಳು ನೋಡ್ತಾ ಇದ್ದಾರೆ,” ಎಂದರು ರಾಯರು.

“ನೋಡ್ಲಿ. ನಾನು ನಿಂತಿದ್ದೇನೆ ಅಂತ ತಿಳ್ಕೊಳ್ಳಿ.” ಬಲಗೈಯನ್ನು ತಲೆಯ ಮೇಲೆ ಚಾಚಿ ತೊಗಟೆ ಮುಟ್ಟಿದರು. “ಇಲ್ಲಿ ಲಾಟೀನು. ಇಲ್ಲಿ, ಸೊಂಟದ ಹತ್ತಿರ, ಕೈ ಒರೆಸುವ ಬಟ್ಟೆ. ಇದು ತೊಟ್ಟಿಲಿನ ಹಗ್ಗದ್ದು.”

ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ರಾಯರಿಗೆ ಸಮಾಧಾನವಿಲ್ಲ. “ಅಲ್ಲ, ಆಮೇಲೆ ಮರ ಎಷ್ಟು ಬೆಳೆದಿದೆ! ಮೊಳೆಯೂ ಮೇಲೆ ಹೋಗಿರ್ತದಲ್ಲ?”

ಈ ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ. ಕಾಂಡ ಬರೀ ದಪ್ಪವಾಗುತ್ತದೆ. ಹೊಡೆದ ಮೊಳೆ ಅದೇ ಎತ್ತರದಲ್ಲಿದ್ದು ಮರದ ಒಳಗೆ ಮುಚ್ಚಿಹೋಗುತ್ತದೆ. ಇದನ್ನು ಹೇಳಿ, ಲಾಟೀನಿನ ಗುರುತಿನಲ್ಲಿ ಕೈಯಿಂದ ತಿರುಗಿಸುವ ಸಣ್ಣ ಬೈರಿಗೆ ಇಳಿಸಿದೆ. ಅಕ್ಕಪಕ್ಕ ಎರಡು ತೂತು ಬರಿದಾದವು. ಮೂರನೆಯದರಲ್ಲಿ, ಒಂದು ಬೆರಳು ಆಳದಲ್ಲಿ, ಕಬ್ಬಿಣ ಕಿರುಗುಟ್ಟಿತು. ಮಲಗಿದ್ದಲ್ಲಿಂದಲೇ ಯಮುನಕ್ಕ ಚಪ್ಪಾಳೆ ತಟ್ಟಿದರು.

“ಇನ್ನೊಂದು ಇವರು ಅಂಗಿ ನೇತುಹಾಕ್ತಿದ್ದ ಮೊಳೆ. ಅದು ಇವರ ಎತ್ತರದ್ದು, ನನಗೆ ಸಿಗೂದಿಲ್ಲ.”

“ಅದನ್ನು ನಾನು ಅವತ್ತೇ ಕಿತ್ತಿದ್ದೇನೆ.”

“ತಲೆ ಕಿತ್ತಿರಿ. ಮೊಳೆ ಒಳಗೇ ಉಂಟು. ಮಲಗಿ, ಮಲಗಿ.”

ರಾಯರು ಗಲ್ಲಾದ ಕಡೆ ಒಮ್ಮೆ ನೋಡಿ, ಪಂಚೆ ಎತ್ತಿ ಕಟ್ಟಿ, ದಿಮ್ಮಿಯ ಆಚೆ ಬದಿಗೆ ಮಲಗಿದರು. ದಿಮ್ಮಿ ನಡುವೆ ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣದು. ಹಾಗೆಯೇ ಆಕಾಶ ನೋಡುತ್ತಾ ಇಬ್ಬರೂ ಜಗಳವಾಡಿದರು. ಬೈರಿಗೆ ಇಳಿಸಿದೆ. ಮೊಳೆ ಒಳಗೇ ಇತ್ತು.

ನಗು ಕೇಳಿಸಿತು. ತಿರುಗಿ ನೋಡಿದರೆ ತುಕಾರಾಮ. ಎದ್ದು ಬಂದು, ಬಾಗಿ ಗುರುತುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದ. “ವಹಿನೀ, ಆಣಖೀ ಕಾಹೀ?” ಅತ್ತಿಗೆ, ಇನ್ನೇನಾದರೂ ಇದೆಯಾ ಎಂದು ಕೇಳಿದ.

“ಇಲ್ಲಪ್ಪಾ. ದೇವರಾಣೆ ಇಲ್ಲ.”

ಮೊಳೆಯಿದ್ದ ಕಡೆಯ ಮರವನ್ನು ಸಣ್ಣ ತುಂಡಾಗಿ ಬಿಟ್ಟು, ಕೈಗರಗಸದಿಂದ ಬೇರೆ ಮಾಡಿ, ನಡುವಿನ ಭಾಗಗಳನ್ನು ಮಾತ್ರ ಚೈನ್‌ಸಾಗೆ ಕೊಟ್ಟೆವು. ಮೊದಲ ಕೊಯ್ತದಲ್ಲಿ ನಾನು ಕಿವಿಗೊಟ್ಟು ನಿಂತಿದ್ದೆ. ಇಂಜಿನ್ನಿನ ಸದ್ದು ಬದಲಾಗಲಿಲ್ಲ. ಬೇವಿನ ಪುಡಿ ಗಾಳಿಗೆ ಹಾರಿ ಅಡುಗೆಮನೆಯ ಹಿಟ್ಟಿಗೆ ಬಿದ್ದದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬ ಗಿರಾಕಿ ಇಡ್ಲಿ ಬಾಯಿಗಿಟ್ಟು, “ಕಾಯ್ ಅಣ್ಣಾ, ಆಜ್ ಪಾಡ್ವಾ ಆಹೇ ಕಾ?” ಏನಣ್ಣ, ಇವತ್ತು ಯುಗಾದಿಯಾ ಎಂದು ಕೇಳಿದ. ಬೇವು ತಿನ್ನುವುದು ಯುಗಾದಿಗೆ ಅಲ್ಲವೇ!

ಬಿಲ್ಲೆ ಇಪ್ಪತ್ತೇಳೇ ಆದವು. ಯಮುನಕ್ಕ ಸಾಲುಗಳ ನಡುವೆ ಇನ್ನಷ್ಟು ಜಾಗ ಬಿಡಿಸಿದರು. ದಸರೆಯ ದಿನ ಗೋಡೆ ತುಂಬಿತ್ತು. ಮೊದಲ ಮೇಜಿನಲ್ಲಿ ಅವರು ಕೂರಿಸಿದ್ದು ತುಕಾರಾಮನನ್ನು. ಮೈಮೇಲೆ ರಾಯರು ಕೊಡಿಸಿದ ಹೊಸ ಅಂಗಿ.

ಮರ ಕೊಯ್ಯುವ ಮೊದಲು ಅದರ ಕೆಳಗೆ ಬಾಳಿದವರನ್ನು ಕೇಳಬೇಕು. ಈ ಕೆಲಸ ನನಗೆ ಕಲಿಸಿದ ಪಾಠ ಅದು. ಆಮೇಲೆ ನಿವೃತ್ತಿಯಾಗುವವರೆಗೂ, ಅಂಗಳದ ಮರವಾದರೆ, ಯಂತ್ರ ಚಾಲೂ ಮಾಡುವ ಮುಂಚೆ ಮನೆಯವರನ್ನು ಕರೆದು ಮೊಳೆ ಎಲ್ಲಿ ಎಂದು ಕೇಳುತ್ತಿದ್ದೆ. ನಿಂತಿರುವ ಮರದ ಹತ್ತಿರ ಅವರು ಬಂದು ಒಂದು ಕ್ಷಣ ಯೋಚಿಸುತ್ತಿದ್ದರು. ನಂತರ ನರೆತ ಕೂದಲಿನ ಗಂಡಸರೂ, ಮೊಮ್ಮಕ್ಕಳಿರುವ ಹೆಂಗಸರೂ ಮೊಣಕಾಲು ಮಡಚಿ, ಮೊಳೆ ಹೊಡೆದ ದಿನ ತಾವೆಷ್ಟು ಎತ್ತರವಿದ್ದರೋ ಅಷ್ಟೇ ಆಗುವವರೆಗೆ ಕುಗ್ಗಿ, ಅಲ್ಲಿಂದ ಕೈ ಎತ್ತಿ ತೋರಿಸುತ್ತಿದ್ದರು.