ಮಂಗಳವಾರ ಮನೆಯಲ್ಲಿಲ್ಲದವರು

ಆಕಾಶವೇ ಕಳಚಿ ಬಿದ್ದರೂ ನಮ್ಮ ಸೇತುವೆ ಮೇಡಂ ‘ಬಂದ್ಯಾ? ಸ್ವಲ್ಪ ಪಕ್ಕಕ್ಕೆ ಬೀಳಪ್ಪ, ಇಲ್ಲಿ ಕೆಲಸ ನಡೀತಿದೆ’ ಅಂತಾರೆ ಎಂದು ನೆರೆಹೊರೆಯವರು ನಗುತ್ತಿದ್ದರು. ಹೊಳೆಗೆ ದೊಡ್ಡ ಸೇತುವೆ ಕಟ್ಟಿಸುವ ಕೆಲಸದ ಮುಖ್ಯಸ್ಥೆ ಅವರು. ಅಡಿಪಾಯ ತೋಡುವಾಗ ಬಂಡೆ ಇರಬೇಕಾದಲ್ಲಿ ಬರೀ ಕೆಸರು ಸಿಕ್ಕಿ ಎಂಜಿನಿಯರುಗಳೆಲ್ಲ ತಲೆ ಮೇಲೆ ಕೈಹೊತ್ತು ಕೂತ ದಿನ, ಎಲ್ಲರಿಗೂ ಚಹಾ ತರಿಸಿ, ‘ಸರಿ, ಹೊಳೆ ತನ್ನ ಮಾತು ಹೇಳ್ತು. ಈಗ ನಮ್ಮ ಮಾತೇನು?’ ಎಂದು ಕೇಳಿದವರು. ಚೀಲದಲ್ಲಿ ಎರಡು ಕನ್ನಡಕ, ಮದುವೆಗೆ ಹೊರಟರೂ ಕಾರಿನಲ್ಲಿ ಕೆಸರಿನ ಬೂಟು. ಎಲ್ಲಕ್ಕಿಂತ ವಿಚಿತ್ರ ಅವರ ಮಂಗಳವಾರ. ಅವತ್ತು ಕಚೇರಿಯ ಮೂಲೆಯಲ್ಲಿ ಕೂತು, ಯಾರು ಏನು ಕೇಳಿದರೂ ‘ನಾನು ಇಲ್ಲ ಅಂದ್ಕೊಳ್ಳಿ’ ಎನ್ನುವರು. ಮನೆಯಲ್ಲೂ ಅದೇ ಕಥೆ. ಒಲೆ ಹಚ್ಚಲೂ ಬಾರದ ಗಂಡ ‘ಉಪ್ಪೆಲ್ಲಿದೆಯೇ ಮಾರಾಯ್ತಿ?’ ಎಂದು ಗೋಗರೆದರೆ, ಎದುರಿಗೇ ಪೇಪರ್ ಓದುತ್ತಾ, ‘ನಾನು ಊರಲ್ಲೇ ಇಲ್ಲ ರೀ’ ಎನ್ನುವರು. ಗಂಡ ಮಾಡಿದ ಸೀದ ಅನ್ನವನ್ನು ಮಾತ್ರ ಎರಡೆರಡು ಸಲ ಬಡಿಸಿಕೊಂಡು ಉಣ್ಣುವರು. ಈ ಆಟ ಶುರುವಾದದ್ದು ವೈದ್ಯರು ಅವರ ಹೃದಯದ ಚಿತ್ರ ನೋಡಿ ತಲೆ ಅಲ್ಲಾಡಿಸಿದ ವಾರದಿಂದ ಎಂದು ಗಂಡನಿಗೆ ತಿಳಿದದ್ದು ಆಪರೇಷನ್ನಿನ ಹಿಂದಿನ ದಿನ. ಅಷ್ಟು ಹೊತ್ತಿಗೆ ಕಚೇರಿಯವರು ಅವರನ್ನು ಕೇಳದೆಯೇ ಕಂಬಗಳನ್ನು ನಿಲ್ಲಿಸುತ್ತಿದ್ದರು, ಗಂಡನ ಅನ್ನವೂ ಹದಕ್ಕೆ ಬಂದಿತ್ತು. ಆಸ್ಪತ್ರೆಗೆ ಹೊರಟ ಶುಕ್ರವಾರ ಬೆಳಿಗ್ಗೆ ಗಂಡ ಬಾಗಿಲಲ್ಲೇ ನಿಂತು, ‘ನೀನು ವಾಪಸ್ ಬರ್ಲಿಲ್ಲ ಅಂದ್ರೆ ನಾನೇನು ಮಾಡ್ಲೇ?’ ಎಂದರು. ಮೇಡಂ ಗಂಡನ ಅಂಗಿಯ ತಪ್ಪಿದ ಗುಂಡಿಯನ್ನು ಸರಿಮಾಡಿ, ‘ಮಂಗಳವಾರ ಅಂದ್ಕೊಳ್ಳಿ’ ಎಂದು, ಬೀಗದ ಕೈಯನ್ನು ಗಂಡನ ಕೈಗಿಟ್ಟು, ಆ ಮನೆಯ ಮೆಟ್ಟಿಲನ್ನು ಕೊನೆಯ ಸಲ ಇಳಿದರು.