ಮುಗಿಯುವ ಮೊದಲೇ ಬಿಟ್ಟ ಗಾಡಿ

ನಮ್ಮ ಮೇಸ್ತ್ರಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಕುಲುಮೆಯ ಕಿಡಿ ಹಾರಿ ಯಾವತ್ತೋ ಸುಟ್ಟುಹೋಗಿ, ಆ ಜಾಗದಲ್ಲಿ ಚರ್ಮ ಹೊಳೆಯುತ್ತಿತ್ತು. ಅದರಿಂದ ಮುಖದ ಒಂದು ಅರ್ಧ ಬೆರಗಾದಂತೆಯೂ ಇನ್ನೊಂದು ಅರ್ಧ ಸಿಟ್ಟಾದಂತೆಯೂ ಕಾಣುತ್ತಿತ್ತು. ಮೊದಲ ಸಲ ನೋಡಿದವರು ಯಾವ ಅರ್ಧದ ಜೊತೆ ಮಾತಾಡಬೇಕೆಂದು ತಡವರಿಸುತ್ತಿದ್ದರು.

ಹುಟ್ಟಿನಿಂದ ಕಮ್ಮಾರರು. ಎತ್ತಿನ ಗಾಡಿಗಳ ಗಾಲಿಗೆ ಕಬ್ಬಿಣದ ಹಳಿ ಬಿಗಿಯುತ್ತಿದ್ದವರು, ಚನ್ನಗಿರಿಗೆ ಮೋಟಾರುಗಳು ಬರತೊಡಗಿದ ಮೇಲೆ ಆ ಕೆಲಸವನ್ನೂ ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಡಿಸಾಮಾನು ಸಿಗದಾದಾಗ ಎಷ್ಟೋ ಭಾಗಗಳನ್ನು ತಾವೇ ಕಾಯಿಸಿ ಬಡಿದು ಮಾಡಿಕೊಟ್ಟರು. ಬಾಯಲ್ಲಿ ಸದಾ ಎಲೆಯಡಿಕೆ, ಮಾತು ಕಡಿಮೆ. ಕೆಲಸ ಮಾಡುವಾಗ ಯಾರಾದರೂ ಪಕ್ಕದಲ್ಲಿ ನಿಂತು ಹರಟಿದರೆ ಅವರ ಕೈಗೊಂದು ಸ್ಪ್ಯಾನರು ಕೊಟ್ಟು "ಹಿಡ್ಕಳ್ರಿ" ಎನ್ನುತ್ತಿದ್ದರು. ಯಾಕೆ ಹಿಡಿದಿದ್ದೇವೆಂದು ತಿಳಿಯದೆ ಅವರು ಸುಮ್ಮನಾಗುತ್ತಿದ್ದರು.

ನಾನಾಗ ಚನ್ನಗಿರಿಯ ಸಾವ್ಕಾರರೊಬ್ಬರ ಬಳಿ ಡ್ರೈವರು. ಯುದ್ಧ ಮುಗಿದು ಮಿಲಿಟರಿಯವರು ತಮ್ಮ ಗಾಡಿಗಳನ್ನು ಹರಾಜು ಹಾಕಿದಾಗ ಸಾವ್ಕಾರರೂ ಒಂದನ್ನು ತಂದರು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಗಾಡಿ, ಹಳ್ಳ ಕೊರಕಲು ಎನ್ನದೆ ಏರುತ್ತಿತ್ತು. ಹಿಂದೆ ಬೆಂಚು ಹಾಕಿಸಿ ಜನರನ್ನು ಕೂರಿಸತೊಡಗಿದರು. ಆದರೆ ಗೋವಿನಕೋವಿ ಕಡೆಯ ಗಾಡಿಜಾಡುಗಳಲ್ಲಿ ಅದರ ಹೊಟ್ಟೆ ಕಲ್ಲಿಗೆ ತಗಲುತ್ತಿತ್ತು. ಸ್ವಲ್ಪ ಎತ್ತರ ಮಾಡಿಕೊಡಬೇಕೆಂದು ಸಾವ್ಕಾರರು ಮೇಸ್ತ್ರಿಯನ್ನು ಕೇಳಿದರು. ಗಾಡಿಯ ಭಾರ ಹೊರುವ ಬಾಗಿದ ಪಟ್ಟಿಗಳ ಕಟ್ಟಿಗೆ ನಾವು ಕಮಾನು ಎನ್ನುತ್ತಿದ್ದೆವು. ಮೇಸ್ತ್ರಿ ತಾವೇ ಬಡಿದ ಪಟ್ಟಿಗಳನ್ನು ಆ ಕಮಾನುಗಳಿಗೆ ಸೇರಿಸಿದರು. ಗಾಡಿ ಮೂರು ಬೆರಳಿನಷ್ಟು ಮೇಲೆದ್ದಿತು.

ಎತ್ತರ ಮಾಡಿದರೆ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಸ್ಟೇರಿಂಗಿನಿಂದ ಮುಂಚಕ್ರಕ್ಕೆ ಹೋಗುವ ಸರಳಿನ ಓರೆ ಬದಲಾಗಿ ಚಕ್ರಗಳು ನೇರ ತಪ್ಪಿರುತ್ತವೆ. ಅವನ್ನು ಅಳೆದು ಮತ್ತೆ ಸರಿಯಾಗಿ ಕೂರಿಸಬೇಕು. ಆದರೆ ಅಷ್ಟರಲ್ಲಿ ಸಾವ್ಕಾರರು ನೆಂಟರ ಮದುವೆ ದಿಬ್ಬಣಕ್ಕೆ ಗಾಡಿ ಕೊಡುವುದಾಗಿ ಒಪ್ಪಿಕೊಂಡಿದ್ದರು. ಹೋಗಬೇಕಾದದ್ದು ಜಗಳೂರಿನ ಆಚೆಯ ಹಳ್ಳಿಗೆ. ಬೆಳಿಗ್ಗೆ ಜನ ಬುತ್ತಿಗಂಟುಗಳ ಸಮೇತ ಅಂಗಳಕ್ಕೆ ಬಂದು ನಿಂತಾಗ ಸಾವ್ಕಾರರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ್ದು ಕಂಡಿತು, ಕೇಳಿಸಲಿಲ್ಲ. ಮೇಸ್ತ್ರಿ ನನ್ನ ಬಳಿ ಬಂದು, "ನಿಧಾನಕ್ಕೆ ಹೋಗ್ರಿ" ಎಂದರು. ಇನ್ನೇನೂ ಹೇಳಲಿಲ್ಲ.

ಗಾಡಿ ಎಡಕ್ಕೆ ಎಳೆಯುವುದು ದಾವಣಗೆರೆ ತಲುಪುವ ಮೊದಲೇ ಕೈಗೆ ಗೊತ್ತಾಯಿತು. ಹೊಸ ಪಟ್ಟಿ ಪಳಗುವವರೆಗೆ ಹೀಗೇ ಇರಬಹುದು ಎಂದುಕೊಂಡೆ. ಜಗಳೂರು ಹತ್ತಿರವಾದಾಗ ಕುರಿಮಂದೆಯೊಂದು ರಸ್ತೆಗೆ ನುಗ್ಗಿತು. ಬ್ರೇಕು ಒತ್ತಿ ಬಲಕ್ಕೆ ತಿರುಗಿಸಿದೆ. ಗಾಡಿ ಎಡಕ್ಕೇ ಹೋಗಿ ಮೋರಿಯ ಕಟ್ಟೆಗೆ ಬಡಿದು ಮಗುಚಿತು. ಕೆಲವರ ಕೈಕಾಲು ಮುರಿದವು. ಹತ್ತುವಾಗ ನನ್ನ ಭುಜ ಹಿಡಿದು ಹತ್ತಿದ್ದ ಮದುಮಗನ ಅಜ್ಜಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತೀರಿಕೊಂಡರು. ನನ್ನ ಬಲ ಮೊಣಕಾಲು ಜಜ್ಜಿಹೋಗಿ, ಮುಂದೆಂದೂ ಮಡಚಲು ಬರಲಿಲ್ಲ.

ಪೊಲೀಸರು ನನ್ನ ಮೇಲೆ ಕೇಸು ಹಾಕಿದರು. ಗಾಡಿ ಸರಿಯಾಗಿತ್ತು, ಡ್ರೈವರು ಜೋರಾಗಿ ಓಡಿಸಿದ ಎಂದು ಸಾವ್ಕಾರರು ಹೇಳಿಕೆ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ ನನಗೇ ನನ್ನ ಮೇಲೆ ಅನುಮಾನ ಹುಟ್ಟಿತು. ಬಲಕ್ಕೆ ತಿರುಗಿಸಿದೆ ಅಂದುಕೊಂಡಿದ್ದೇನೆ, ಗಾಬರಿಯಲ್ಲಿ ಎಡಕ್ಕೆ ತಿರುಗಿಸಿದೆನೋ ಏನೋ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಗಾಳಿಯಲ್ಲಿ ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಪಕ್ಕದ ರೋಗಿ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದ.

ಜಗಳೂರಿನ ಕೋರ್ಟಿಗೆ ಮೇಸ್ತ್ರಿಯನ್ನು ಯಾರೂ ಕರೆದಿರಲಿಲ್ಲ. ವಿಚಾರಣೆಯ ದಿನ ತಾವಾಗಿಯೇ ಬಂದು ಬಾಗಿಲ ಬಳಿ ನಿಂತು, ತಾವೂ ಹೇಳುವುದಿದೆ, ತಪ್ಪು ಡ್ರೈವರದ್ದಲ್ಲ ಎಂದರು. ಸರ್ಕಾರಿ ವಕೀಲರು, ಹಾಗಾದರೆ ನಿನ್ನ ಕೆಲಸವೇ ಕೆಟ್ಟದ್ದೇನು ಎಂದು ಕೇಳಿದರು.

"ಕೆಟ್ಟಿರ್ಲಿಲ್ಲ ಸ್ವಾಮಿ, ಮುಗಿದಿರ್ಲಿಲ್ಲ. ಚಕ್ರ ನೇರ ಮಾಡಾಕೆ ಬಾಕಿ ಇತ್ತು. ಸಾವ್ಕಾರ್ರು ಕಳಿಸು ಅಂದ್ರು, ಕಳಿಸ್ದೆ. ಡ್ರೈವರ್ರಿಗೆ ಅದನ್ನ ಹೇಳ್ಬೇಕಿತ್ತು. ಹೇಳಿದ್ರೆ ಅವ್ರು ಗಾಡಿ ಮುಟ್ಟಾಂಗಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೇಳ್ಲಿಲ್ಲ."

ಕೋರ್ಟು ಮೇಸ್ತ್ರಿಗೆ ಛೀಮಾರಿ ಹಾಕಿ ನನ್ನನ್ನು ಬಿಟ್ಟಿತು. ಆಮೇಲೆ ಚನ್ನಗಿರಿಯಲ್ಲಿ ಅವರಿಗೆ ಕೆಲಸ ಕೊಡುವವರಿಲ್ಲದಾಯಿತು. ಹೆಂಡತಿಯನ್ನು ಕರೆದುಕೊಂಡು ನ್ಯಾಮತಿಗೆ ಹೋಗಿ ತಗಡಿನ ಶೆಡ್ಡು ಹಾಕಿಕೊಂಡರು.

ಅಲ್ಲಿಂದ ಅವರು ಸಾಸ್ವೆಹಳ್ಳಿಯ ನಮ್ಮ ಮನೆಗೆ ಬಂದರು. ಅವ್ವ ಒಳಗೆ ಕರೆಯಲಿಲ್ಲ, ನೀರೂ ಕೊಡಲಿಲ್ಲ. "ಮುರಿದ ಕಾಲು ನೋಡಾಕೆ ಬಂದೀಯೇನಪ್ಪ" ಎಂದಳು. ಅವರು ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಮುಂದಿನ ವಾರ ಮತ್ತೆ ಬಂದರು. ಆಮೇಲೂ ಬಂದರು. ಒಂದು ದಿನ ನಾನೇ ಕೋಲೂರಿಕೊಂಡು ಹೊರಗೆ ಬಂದು, ಅವತ್ತು ಏನು ಬಾಕಿ ಉಳಿದಿತ್ತೆಂದು ನನ್ನ ಕಣ್ಣಿಗೆ ತೋರಿಸಿ ಎಂದೆ. ಸಿಟ್ಟಿನಲ್ಲೇ ಕೇಳಿದ್ದೆ.

ನ್ಯಾಮತಿಯ ಶೆಡ್ಡಿನಲ್ಲಿ ಒಂದು ಹಳೆಯ ಲಾರಿ ನಿಂತಿತ್ತು. ಅವರು ಅದರ ಸ್ಟೇರಿಂಗಿನ ಸರಳನ್ನು ಬಿಚ್ಚಿ, ಅವತ್ತು ಹೇಗಿತ್ತೋ ಹಾಗೆ ಕೂರಿಸಿದರು. ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಸ್ಟೇರಿಂಗು ನೆಟ್ಟಗೆ ಹಿಡಿಯಲು ಹೇಳಿದರು. ಹಿಡಿದೆ. ಕೆಳಗಿಳಿಸಿ ಮುಂದೆ ನಿಲ್ಲಿಸಿದರು. ಎರಡು ಚಕ್ರಗಳೂ ಎಡಕ್ಕೆ ನೋಡುತ್ತಿದ್ದವು.

"ನೀವು ಬಲಕ್ಕೇ ತಿರುಗ್ಸಿದ್ರಿ, ಡ್ರೈವರ್ರೇ. ಅದು ಸಾಲ್ಲಿಲ್ಲ, ಅಷ್ಟೇ."

ನನಗೆ ಅಳು ಬಂತು. ಅವರು ಬೇರೆ ಕಡೆ ಮುಖ ಮಾಡಿ ಕೆಲಸ ಮುಂದುವರಿಸಿದರು. ಸರಳಿನ ಉದ್ದ ಸರಿಪಡಿಸಿದರು. ಬಿದಿರಿನ ಗಳವೊಂದನ್ನು ತೆಗೆದು ಎರಡು ಚಕ್ರಗಳ ನಡುವಿನ ಅಂತರವನ್ನು ಮುಂದುಗಡೆಯಿಂದ ಅಳೆದರು, ಹಿಂದುಗಡೆಯಿಂದ ಅಳೆದರು. ಮುಂದಿನ ಅಂತರ ತುಸು ಕಡಿಮೆ ಇರಬೇಕು, ಇಲ್ಲದಿದ್ದರೆ ಗಾಡಿ ಅಲೆದಾಡುತ್ತದೆ, ಟೈರು ಸವೆಯುತ್ತದೆ. ಗಳದ ಒಂದು ತುದಿಯನ್ನು ನನ್ನ ಕಡೆ ಚಾಚಿದರು. ಹಿಡಿದುಕೊಂಡೆ. ಮರುದಿನವೂ ಹೋದೆ. ಡ್ರೈವರ್ ಕೆಲಸ ಕಳೆದುಕೊಂಡವನಿಗೆ ಅವರು ತಮ್ಮ ಕಸುಬನ್ನು ಹೀಗೆ ಕೈಗಿತ್ತರು. ಅದರಲ್ಲೇ ನನ್ನ ಮದುವೆ, ಮಕ್ಕಳ ಓದು ಎಲ್ಲವೂ ಆಯಿತು.

ಮುಗಿಯದ ಗಾಡಿಯನ್ನು ಅವರು ಮತ್ತೆ ಯಾರಿಗೂ ಕೊಡಲಿಲ್ಲ. ಅವಸರ ಮಾಡುವ ಗಿರಾಕಿ ಬಂದರೆ ಮುಂಚಕ್ರ ಕಳಚಿ ತಮ್ಮ ಮನೆಯ ಅಡುಗೆಮನೆಯಲ್ಲಿ ಇಡುತ್ತಿದ್ದರು. ಹೊನ್ನಾಳಿಯ ಜಮೀನ್ದಾರರೊಬ್ಬರು ತಮ್ಮ ಗಾಡಿಯ ಚಕ್ರ ತರಿಸಿಕೊಳ್ಳಲು ಆಳು ಕಳಿಸಿದಾಗ, ಮೇಸ್ತ್ರಿಯ ಹೆಂಡತಿ ಅದರ ಮೇಲೆ ಕೂತು ರಾಗಿ ಕೇರುತ್ತಿದ್ದರು. ಆಳು ವಾಪಸು ಹೋದ. ನಾವೆಲ್ಲ ನಕ್ಕೆವು, ಮೇಸ್ತ್ರಿ ನಗಲಿಲ್ಲ. ಮದುವೆ ಊಟಕ್ಕೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಸ್ವಂತ ತಂಗಿಯ ಮಗಳ ಮದುವೆಗೆ ಹೆಂಡತಿಯನ್ನಷ್ಟೇ ಕಳಿಸಿ, ಅವತ್ತು ಇಡೀ ದಿನ ಶೆಡ್ಡಿನಲ್ಲಿ ಕೆಲಸವಿಲ್ಲದೆ ಕೂತಿದ್ದರು.

ಇಷ್ಟು ವರ್ಷ ಜೊತೆಗಿದ್ದರೂ ನನ್ನ ಕಾಲಿನ ಮಾತನ್ನು ಅವರು ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಎದೆಯ ಕಾಯಿಲೆಯಲ್ಲಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

"ಕಾಲು ನೋಯ್ತೈತೇನ್ರೀ?"

ಇಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಸಾಯುವವರ ಮುಂದೆ ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಯಾರೂ ಕರೆಯದಿದ್ದರೂ ಕೋರ್ಟಿಗೆ ಬಂದು ನಿಜ ಹೇಳಿದ ಮನುಷ್ಯನಿಗೆ ಸುಳ್ಳು ಹೇಳಲು ಆಗಲಿಲ್ಲ.

"ನೋಯ್ತೈತಿ ಮೇಸ್ತ್ರಿ. ಚಳಿಗಾಲದಾಗೆ ಬಾಳ ನೋಯ್ತೈತಿ."

"ಹೂಂ" ಎಂದರು. ಆಮೇಲೆ ಗೋಡೆಯ ಕಡೆ ಸ್ವಲ್ಪ ಸರಿದು, ಕಾಲು ಚಾಚಿ ಕೂರಲು ನನಗೆ ಹಾಸಿಗೆಯ ಮೇಲೆ ಜಾಗ ಮಾಡಿಕೊಟ್ಟರು. ಆ ವಾರ ಕಳೆಯುವುದರೊಳಗೆ ಹೋದರು.